ಸಣ್ಣ ಟ್ರ್ಯಾಕ್ಟರ್: ಏನು ಸೇರಿಸಬೇಕು, ಏನನ್ನು ಮುಟ್ಟಬಾರದು



ಕಾಮರ್ಸ್ ಓದುವವಳಿಗೆ ಟ್ರ್ಯಾಕ್ಟರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಳೆದ ದಸರಾ ರಜೆಯವರೆಗೂ ನನಗೂ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ತುಮಕೂರು ರಸ್ತೆಯಲ್ಲಿ ಬಸ್ಸಿಗೆ ಅಡ್ಡ ಬಂದಾಗ ಬೈದುಕೊಂಡದ್ದು ಬಿಟ್ಟರೆ ನನಗೂ ಟ್ರ್ಯಾಕ್ಟರಿಗೂ ಬೇರೆ ಸಂಬಂಧ ಇರಲಿಲ್ಲ.

ರಜೆಗೆ ತ್ಯಾಮಗೊಂಡ್ಲು ಹತ್ತಿರ ಇರುವ ಮಾಮೂ ಮನೆಗೆ ಹೋಗಿದ್ದೆ. ಮಳೆ ಕೈಕೊಟ್ಟಿತ್ತು. ರಾಗಿ ಉಳಿಸಿಕೊಳ್ಳಲು ಮಾಮೂ ಕೃಷಿ ಹೊಂಡದ ಪಕ್ಕ ಟ್ರ್ಯಾಕ್ಟರ್ ನಿಲ್ಲಿಸಿ, ಅದರ ಹಿಂದೆ ಪಂಪು ಜೋಡಿಸಿ ನೀರೆತ್ತುತ್ತಿದ್ದರು. ಮುಮಾನಿ ಚಹಾ ತಂದರು. ಟ್ರ್ಯಾಕ್ಟರ್ ಮತ್ತು ಪಂಪಿನ ನಡುವೆ ತಿರುಗುತ್ತಿದ್ದ ಶಾಫ್ಟಿನ ಪಕ್ಕದಲ್ಲಿ ಬಗ್ಗಿ ಲೋಟ ಇಟ್ಟರು. ಹೆಗಲ ಮೇಲಿದ್ದ ದುಪಟ್ಟಾದ ತುದಿ ಶಾಫ್ಟಿಗೆ ತಗುಲಿತು. ಅವರು ಕೂಗುವಷ್ಟರಲ್ಲಿ ದುಪಟ್ಟಾ ಪೂರ್ತಿ ಸುತ್ತಿಕೊಂಡು ಮುಗಿದಿತ್ತು. ಅವತ್ತು ಪಿನ್ ಹಾಕಿರಲಿಲ್ಲ, ಹಾಗಾಗಿ ಬಟ್ಟೆ ಜಾರಿಹೋಯಿತು. ಕುತ್ತಿಗೆಯ ಮೇಲೆ ಒಂದು ಕೆಂಪು ಗೆರೆ ಮಾತ್ರ ಉಳಿಯಿತು. ಮಾಮೂ ಓಡಿಬಂದು ಸ್ಟಾಪ್ ಗುಬ್ಬಿ ಎಳೆದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮುಂದಿನ ಭಾನುವಾರ ಅಬ್ಬಾ ಬಂದರು. ಅವರು ದಾಸರಹಳ್ಳಿಯಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡುವವರು. ಪೀಣ್ಯದ ಕಾರ್ಖಾನೆಗಳಿಗೆ ಗಾರ್ಡು, ಸ್ಟ್ಯಾಂಡು, ಬ್ರಾಕೆಟ್ಟು ಮಾಡಿಕೊಟ್ಟು ಅಭ್ಯಾಸ. ಟ್ರ್ಯಾಕ್ಟರನ್ನು ಎರಡು ಸುತ್ತು ನೋಡಿ, "ಇದರ ಮೇಲೆ ಕವರ್ ಇತ್ತಲ್ಲ, ಎಲ್ಲಿ?" ಎಂದು ಕೇಳಿದರು. "ದೂಲಾಭಾಯ್, ನಾನು ತಗೊಂಡಾಗಲೇ ಇರಲಿಲ್ಲ" ಎಂದರು ಮಾಮೂ. ಅಂದರೆ ಐದು ವರ್ಷದಿಂದ ಇಲ್ಲ. ಅವತ್ತು ಅಬ್ಬಾ ಏನೇನು ನೋಡಿದರು, ಏನೇನು ಮಾಡಿದರು ಎಂಬುದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಓದಿ, ಕೇಳಿ ತಿಳಿದದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ. ನಮ್ಮ ಕಾಲೇಜಿಗೆ ನೆಲಮಂಗಲ, ದಾಬಸ್‌ಪೇಟೆ ಕಡೆಯಿಂದ ಬರುವವರೂ ಇದ್ದಾರೆ. ಅವರ ಮನೆಯಲ್ಲೂ ಇಂಥದ್ದೊಂದು ಗಾಡಿ ಇರಬಹುದು.

ಸಣ್ಣ ಟ್ರ್ಯಾಕ್ಟರ್ ಎಂದರೆ ಯಾವುದು?

ಸಾಮಾನ್ಯವಾಗಿ 15ರಿಂದ 25 ಎಚ್.ಪಿ. ಒಳಗಿನವನ್ನು ನಮ್ಮ ಕಡೆ ಮಿನಿ ಟ್ರ್ಯಾಕ್ಟರ್ ಎನ್ನುತ್ತಾರೆ. ದ್ರಾಕ್ಷಿ ಚಪ್ಪರದ ಕೆಳಗೆ, ಅಡಿಕೆ ಸಾಲಿನ ನಡುವೆ, ಎರಡು ಮೂರು ಎಕರೆಯ ತುಂಡು ಹೊಲದಲ್ಲಿ ದೊಡ್ಡ ಗಾಡಿ ತಿರುಗುವುದಿಲ್ಲ. ಈ ಸಣ್ಣ ಯಂತ್ರಗಳಿಗೂ ಬೆಂಗಳೂರಿಗೂ ಹಳೆಯ ನಂಟಿದೆ. ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಶುರುವಾದದ್ದು ಇಲ್ಲೇ. ವೈಟ್‌ಫೀಲ್ಡ್ ರಸ್ತೆಯ ಮಹದೇವಪುರ ಇವತ್ತು ಐ.ಟಿ. ಕಂಪನಿಗಳ ಹೆಸರಿನಿಂದ ಗೊತ್ತು, ಆದರೆ ರೈತರಿಗೆ ಅದು ಪವರ್ ಟಿಲ್ಲರಿನ ಊರು. ಮಾಮೂ ಗಾಡಿ ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. 18 ಎಚ್.ಪಿ. ಆಸುಪಾಸಿನದು, ಸೆಕೆಂಡ್ ಹ್ಯಾಂಡಿನಲ್ಲಿ 1,80,000 ರೂಪಾಯಿಗೆ ಕೊಂಡದ್ದು.

ಸಣ್ಣದು ಅಂದಮಾತ್ರಕ್ಕೆ ಅಪಾಯವೂ ಸಣ್ಣದು ಎಂದುಕೊಳ್ಳಬೇಡಿ. ಹಗುರ ಮತ್ತು ಅಗಲ ಕಡಿಮೆ ಆಗಿರುವುದರಿಂದ ಇದು ಬೇಗ ಮಗುಚುತ್ತದೆ.

ತಿರುಗುವ ಶಾಫ್ಟ್

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಹಲ್ಲುಗಳಿರುವ ಒಂದು ಗಿಡ್ಡ ಕಬ್ಬಿಣದ ಕಡ್ಡಿ ಹೊರಗೆ ಚಾಚಿರುತ್ತದೆ. ಇದನ್ನು ಪಿ.ಟಿ.ಒ. ಎನ್ನುತ್ತಾರೆ. ಎಂಜಿನ್ನಿನ ಶಕ್ತಿಯನ್ನು ರೋಟವೇಟರ್, ಪಂಪು, ಒಕ್ಕಣೆ ಯಂತ್ರಕ್ಕೆ ಕೊಡುವುದು ಇದೇ. ಇದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು. ಕೇಳಿದಾಗ ದೊಡ್ಡ ವೇಗ ಅನ್ನಿಸುವುದಿಲ್ಲ. 60ರಿಂದ ಭಾಗಿಸಿ, ಸೆಕೆಂಡಿಗೆ 9 ಸುತ್ತು. ಶಾಫ್ಟಿನ ಮಡಚುವ ಕೀಲು, ಅಂದರೆ ಮೆಕ್ಯಾನಿಕ್‌ಗಳು ಕ್ರಾಸ್ ಎನ್ನುವ ಭಾಗ, ಸುಮಾರು 10 ಸೆಂ.ಮೀ. ಅಡ್ಡಗಲ ಇದೆ ಎಂದುಕೊಂಡರೆ ಒಂದು ಸುತ್ತಿಗೆ 31 ಸೆಂ.ಮೀ. ಬಟ್ಟೆ ಸುತ್ತಿಕೊಳ್ಳುತ್ತದೆ. ಒಂಬತ್ತು ಸುತ್ತಿಗೆ 2.8 ಮೀಟರ್. ಮನೆಗೆ ಬಂದು ನನ್ನ ಯೂನಿಫಾರ್ಮಿನ ದುಪಟ್ಟಾ ಅಳೆದೆ. ಎರಡೂಕಾಲು ಮೀಟರ್ ಇತ್ತು. ಒಂದು ಸೆಕೆಂಡೂ ಬೇಕಿಲ್ಲ. ಲುಂಗಿ, ಟವೆಲ್, ಸಡಿಲ ತೋಳಿನ ಅಂಗಿ, ಜಡೆ, ಎಲ್ಲಕ್ಕೂ ಇದೇ ಲೆಕ್ಕ.

ಅದಕ್ಕೇ ಮೊದಲು ಮಾಡಿಸಬೇಕಾದ ಕೆಲಸ ಇದರ ಮುಚ್ಚಳ. ಎರಡು ಭಾಗ ಬೇಕು. ಟ್ರ್ಯಾಕ್ಟರಿಗೇ ಬೋಲ್ಟ್ ಆಗುವ, ಕಡ್ಡಿಯ ಮೇಲೂ ಎರಡು ಪಕ್ಕಗಳಲ್ಲೂ ಬಾಗಿ ನಿಲ್ಲುವ ಕಬ್ಬಿಣದ ಗಾರ್ಡ್ ಒಂದು. ಉದ್ದದ ಶಾಫ್ಟಿನ ಮೇಲೆ ಕೂರುವ ಪ್ಲಾಸ್ಟಿಕ್ ಕೊಳವೆ ಇನ್ನೊಂದು. ಈ ಕೊಳವೆ ಶಾಫ್ಟಿನ ಜೊತೆ ತಿರುಗದ ಹಾಗೆ ಅದರ ತುದಿಯ ಸಣ್ಣ ಸರಪಳಿಯನ್ನು ಗಾಡಿಗೆ ಸಿಕ್ಕಿಸಬೇಕು. ಸರಪಳಿ ಸಿಕ್ಕಿಸದಿದ್ದರೆ ಕೊಳವೆಯೂ ಶಾಫ್ಟಿನ ಜೊತೆ ತಿರುಗತೊಡಗುತ್ತದೆ, ಆಗ ಅದು ಇದ್ದೂ ಇಲ್ಲದ ಹಾಗೆ. ಅಬ್ಬಾ 3 ಮಿ.ಮೀ. ಶೀಟಿನಲ್ಲಿ ಗಾರ್ಡ್ ಬಗ್ಗಿಸಿ, ಮೂರು ಬೋಲ್ಟಿನಲ್ಲಿ ಕೂರಿಸಿ, ಹಳದಿ ಬಣ್ಣ ಹೊಡೆದರು. ಶೀಟು, ಬೋಲ್ಟು, ಬಣ್ಣ ಸೇರಿ 650 ರೂಪಾಯಿ. ಕೊಳವೆಯನ್ನು ಅಂಗಡಿಯಲ್ಲೇ ಕೊಂಡೆವು.

ಗಾರ್ಡ್ ಇದ್ದರೂ ತಿರುಗುವ ಶಾಫ್ಟನ್ನು ದಾಟಬಾರದು. ಏನಾದರೂ ಸಿಕ್ಕಿಕೊಂಡರೆ ಮೊದಲು ಎಂಜಿನ್ ಆಫ್, ಆಮೇಲೆ ಕೈ.

ಕೊಕ್ಕೆ ಎಲ್ಲಿರಬೇಕು?

ಅಬ್ಬಾ ಎರಡನೆಯದಾಗಿ ಕಂಡುಹಿಡಿದದ್ದು ನನಗೆ ತಪ್ಪು ಎಂದೇ ಅನ್ನಿಸಿರಲಿಲ್ಲ. ಹಿಂದಿನ ಮಾಲೀಕ ಟ್ರಾಲಿ ಎಳೆಯುವ ಕೊಕ್ಕೆಯನ್ನು ಮೇಲ್ಗಡೆ, ಟಾಪ್ ಲಿಂಕ್ ಕೂರುವ ಜಾಗದಲ್ಲಿ ವೆಲ್ಡ್ ಮಾಡಿಸಿದ್ದ. ಟ್ರಾಲಿಯ ಮೂಕಿ ಎತ್ತರದಲ್ಲಿತ್ತು, ಅದಕ್ಕೆ ಸರಿಹೊಂದಲಿ ಎಂದು. ಕೆರೆ ಏರಿ ಹತ್ತುವಾಗ ಮುಂದಿನ ಚಕ್ರ ಒಂದು ಗೇಣು ಎತ್ತುತ್ತದೆ ಎಂದು ಮಾಮೂ ನಗುತ್ತಾ ಹೇಳುತ್ತಿದ್ದರು. ಅಬ್ಬಾ ನಗಲಿಲ್ಲ.

ಹೀಗೆ ಯೋಚಿಸಿ. ಭಾರ ಎಳೆಯುವಾಗ ಹಿಂದಿನ ಚಕ್ರ ನೆಲವನ್ನು ಹಿಡಿದು ನಿಂತಿರುತ್ತದೆ. ಎಳೆಯುವ ಜಾಗ ಹಿಂದಿನ ಆಕ್ಸಲ್‌ಗಿಂತ ಕೆಳಗಿದ್ದರೆ ಗಾಡಿಯ ಮೂತಿ ನೆಲದಲ್ಲೇ ಉಳಿಯುತ್ತದೆ. ಎಳೆಯುವ ಜಾಗ ಆಕ್ಸಲ್‌ಗಿಂತ ಮೇಲಿದ್ದರೆ, ಭಾರ ಗಾಡಿಯನ್ನು ಹಿಂದಕ್ಕೆ ಮಗುಚಲು ನೋಡುತ್ತದೆ. ಟ್ರ್ಯಾಕ್ಟರ್ ಹಿಮ್ಮುಖ ಮಗುಚಲು ಶುರುವಾದರೆ ಡ್ರೈವರ್ ಕ್ಲಚ್ ತುಳಿಯುವುದಕ್ಕೂ ಸಮಯ ಸಿಗುವುದಿಲ್ಲ.

ಇದು ಹಳೆಯ ಸಮಸ್ಯೆ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಹೀಗೆ ಹಿಂದಕ್ಕೆ ಮಗುಚುವ ಕೆಟ್ಟ ಹೆಸರಿತ್ತು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಚಕ್ರ ನಿಲ್ಲದೆ ಮುಂಭಾಗವೇ ಮೇಲೆ ಏಳುತ್ತಿತ್ತು. ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯೂಸನ್ ಇದಕ್ಕೆ ಪರಿಹಾರ ಹುಡುಕಿದವರು. ಕೆಳಗೆ ಎರಡು ತೋಳು, ಮೇಲೆ ಒಂದು ತೋಳು, ಹೀಗೆ ಮೂರು ಕಡೆ ನೇಗಿಲನ್ನು ಹಿಡಿಸಿ ಹೈಡ್ರಾಲಿಕ್ಕಿನಿಂದ ಎತ್ತಿ ಇಳಿಸುವ ವ್ಯವಸ್ಥೆ ಅವರದು. ನೆಲ ನೇಗಿಲನ್ನು ಹಿಂದಕ್ಕೆ ಎಳೆದಾಗ ಮೇಲಿನ ತೋಳು ಗಾಡಿಯನ್ನು ಮುಂದಕ್ಕೆ ಒತ್ತುತ್ತದೆ, ಮೂತಿ ಮೇಲೇಳುವುದಿಲ್ಲ. 1936ರ ಫರ್ಗ್ಯೂಸನ್-ಬ್ರೌನ್, 1939ರ ಫೋರ್ಡ್-ಫರ್ಗ್ಯೂಸನ್ ಟ್ರ್ಯಾಕ್ಟರುಗಳಲ್ಲಿ ಅದು ಬಂತು. ಇವತ್ತು ತ್ಯಾಮಗೊಂಡ್ಲಿನ ಮಿನಿ ಟ್ರ್ಯಾಕ್ಟರಿನಲ್ಲಿ ಇರುವುದೂ ಅದೇ ಮೂರು ತೋಳು. ಅಂದರೆ ಮೇಲಿನ ತೋಳು ಇರುವುದು ಒತ್ತುವುದಕ್ಕೆ. ಅದರ ಜಾಗದಲ್ಲಿ ಟ್ರಾಲಿ ಕಟ್ಟಿದರೆ ಫರ್ಗ್ಯೂಸನ್ ಪರಿಹರಿಸಿದ ತೊಂದರೆಯನ್ನು ನಾವೇ ದುಡ್ಡು ಕೊಟ್ಟು ವಾಪಸ್ ತರಿಸಿಕೊಂಡ ಹಾಗೆ.

ಅಬ್ಬಾ ಆ ಕೊಕ್ಕೆಯನ್ನು ಕತ್ತರಿಸಿ ತೆಗೆದರು. ಕೆಳಗಿನ ಡ್ರಾಬಾರಿಗೇ ಟ್ರಾಲಿ ಸೇರುವಂತೆ ಟ್ರಾಲಿಯ ಮೂಕಿಯನ್ನು ತಗ್ಗಿಸಿದರು. ಗಾಡಿಯನ್ನು ಬದಲಿಸದೆ ಟ್ರಾಲಿಯನ್ನು ಬದಲಿಸಿದರು ಎಂಬುದನ್ನು ಗಮನಿಸಿ.

ತೂಕ ಮತ್ತು ಅಗಲ

ಗಾಡಿ ತಿರುಗಬೇಕಾದರೆ ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದಿನ ಚಕ್ರಗಳ ಮೇಲೆ ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ಹಿಂದೆ ರೋಟವೇಟರ್ ಎತ್ತಿದಾಗ ಸ್ಟೀರಿಂಗ್ ಹಗುರಾದರೆ ಮುಂದಿನ ಬಂಪರಿಗೆ ಕಂಪನಿ ಕೊಡುವ ತೂಕದ ಬಿಲ್ಲೆ ಹಾಕಿಸಿ. ಮರಳು ಚೀಲ ಕಟ್ಟಿಕೊಂಡು ಹೋಗುವವರನ್ನು ನೋಡಿದ್ದೇನೆ, ಅದು ಜಾರಿ ಚಕ್ರಕ್ಕೆ ಬೀಳುತ್ತದೆ.

ಹಿಂದಿನ ಚಕ್ರ ಜಾರುತ್ತಿದ್ದರೆ ಟೈರಿನೊಳಗೆ ನೀರು ತುಂಬಿಸಬಹುದು. ನನಗೆ ಇದನ್ನು ಕೇಳಿ ನಗು ಬಂದಿತ್ತು, ಆದರೆ ನಿಜ. ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ನಿಲ್ಲಿಸಿ, ವಾಲ್ವಿನ ಮಟ್ಟದವರೆಗೆ ನೀರು ತುಂಬಿದರೆ ಸುಮಾರು ಮುಕ್ಕಾಲು ಭಾಗ ಆಗುತ್ತದೆ, ಉಳಿದ ಜಾಗಕ್ಕೆ ಗಾಳಿ. ಪೂರ್ತಿ ತುಂಬಿದರೆ ಟೈರು ಕಲ್ಲಿನಂತಾಗುತ್ತದೆ. ಕಡಿಮೆ ಖರ್ಚಿನ, ಬೇಕಾದಾಗ ತೆಗೆಯಬಹುದಾದ ಬದಲಾವಣೆ ಇದು.

ಹಲವು ಮಿನಿ ಟ್ರ್ಯಾಕ್ಟರುಗಳಲ್ಲಿ ಹಿಂದಿನ ಚಕ್ರಗಳ ನಡುವಿನ ಅಗಲವನ್ನು ಹೆಚ್ಚು ಕಡಿಮೆ ಮಾಡಬಹುದು. ಸಾಲಿನ ನಡುವೆ ಕೆಲಸವಿದ್ದಾಗ ಕಡಿಮೆ, ಇಳಿಜಾರಿನಲ್ಲಿ ಮತ್ತು ಟ್ರಾಲಿಗೆ ಹೆಚ್ಚು. ಬಹಳ ಜನ ಒಮ್ಮೆ ಕಡಿಮೆ ಮಾಡಿ ಹಾಗೇ ಬಿಡುತ್ತಾರೆ. ಬಿಸಿಲಿಗೆ ಮೇಲೆ ತಗಡಿನ ಚಾವಣಿ ಹಾಕಿಸುವುದಿದ್ದರೆ ಹಗುರವಾದದ್ದು ಇರಲಿ. ಮಡ್‌ಗಾರ್ಡಿಗೆ ವೆಲ್ಡ್ ಮಾಡಿದ ಪೈಪು ಮಗುಚಿದಾಗ ಯಾರನ್ನೂ ಕಾಪಾಡುವುದಿಲ್ಲ, ಮೇಲಿನ ತೂಕ ಮಾತ್ರ ಹೆಚ್ಚಿಸುತ್ತದೆ. ಕಾಪಾಡುವ ಚೌಕಟ್ಟು ಆಕ್ಸಲ್ಲಿಗೆ ಬೋಲ್ಟ್ ಆಗಿರುತ್ತದೆ, ಪರೀಕ್ಷೆಗೆ ಒಳಪಟ್ಟಿರುತ್ತದೆ, ಅದರ ಜೊತೆ ಸೀಟ್ ಬೆಲ್ಟ್ ಕಟ್ಟಬೇಕು.

ರಸ್ತೆಗೆ ಬಂದರೆ ಎರಡು ಮಾತು. ಟ್ರ್ಯಾಕ್ಟರಿಗೆ ಎಡ ಬಲ ಎರಡು ಬ್ರೇಕ್ ಪೆಡಲ್ ಇರುತ್ತವೆ, ಹೊಲದಲ್ಲಿ ಚುರುಕಾಗಿ ತಿರುಗಿಸಲು. ರಸ್ತೆಗೆ ಬರುವ ಮೊದಲು ಎರಡನ್ನೂ ಕೊಂಡಿ ಹಾಕಿ ಸೇರಿಸಬೇಕು, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಒಂದೇ ಚಕ್ರ ನಿಲ್ಲುತ್ತದೆ. ಟ್ರಾಲಿಯ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ರಿಫ್ಲೆಕ್ಟರ್ ಟೇಪ್ ಅಂಟಿಸಿ. ರಾತ್ರಿ ತುಮಕೂರು ರಸ್ತೆಯಲ್ಲಿ ಲೈಟಿಲ್ಲದ ಟ್ರಾಲಿಯ ಹಿಂದೆ ಬಂದವರಿಗೆ ಈ ಟೇಪಿನ ಬೆಲೆ ಗೊತ್ತು.

ಮುಟ್ಟಬಾರದ್ದು

ಪಂಪಿನ ಸ್ಕ್ರೂ ತಿರುಗಿಸಿ ಹೆಚ್ಚು ಡೀಸೆಲ್ ಬಿಡುವುದು, ಸೈಲೆನ್ಸರ್ ಕತ್ತರಿಸುವುದು, ಅಳತೆ ಮೀರಿದ ಟೈರು ಹಾಕುವುದು. ಹೊಗೆ ಮತ್ತು ಸದ್ದು ಹೆಚ್ಚಾದದ್ದನ್ನೇ ಕೆಲವರು ಶಕ್ತಿ ಎಂದುಕೊಳ್ಳುತ್ತಾರೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ನೋಂದಣಿ ಪತ್ರದಲ್ಲಿ ಇರುವ ತಯಾರಕರ ವಿವರಗಳು ಬದಲಾಗುವ ಹಾಗೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಸ್ವಂತ ಇಷ್ಟದಿಂದ ಅವಕಾಶವಿಲ್ಲ.

ಇನ್ನೊಂದು ಎಲ್ಲೆಲ್ಲೂ ನಡೆಯುವ ತಪ್ಪು ಥರ್ಮೋಸ್ಟಾಟ್ ತೆಗೆಸುವುದು. ಎಂಜಿನ್ ಬಿಸಿಯಾಗುತ್ತಿದೆ ಎಂದು ಮಾಮೂ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದಾಗ, ಅದನ್ನು ತೆಗೆದು ಹೊರಗೆಸೆದುಬಿಟ್ಟರಂತೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸಿಲಿಂಡರ್ ಬೇಗ ಸವೆಯುತ್ತದೆ. ನಿಜವಾದ ಕಾರಣ ಎರಡಿತ್ತು. ರೇಡಿಯೇಟರಿನ ಹೊರಗೆ ರಾಗಿ ಹೊಟ್ಟು ಮೆತ್ತಿಕೊಂಡಿತ್ತು, ಒಳಗೆ ಬೋರ್‌ವೆಲ್ ನೀರಿನ ಬಿಳಿ ಪದರ ಕಟ್ಟಿತ್ತು. ದಾಸರಹಳ್ಳಿಯಲ್ಲಿ ನಮ್ಮ ಮನೆಯ ಗೀಸರ್ ರಾಡಿಗೆ ಕಟ್ಟುವ ಅದೇ ಪದರ. ಈಗ ಕೂಲೆಂಟ್ ಹಾಕಿದ್ದಾರೆ, ಹೊಸ ಥರ್ಮೋಸ್ಟಾಟ್ ಕೂತಿದೆ. ಒಕ್ಕಣೆ ಕಾಲಕ್ಕೆ ಎಂದು ರೇಡಿಯೇಟರ್ ಜಾಲರಿಯ ಮುಂದೆ ಸೊಳ್ಳೆ ಪರದೆಯ ತಂತಿ ಬಲೆಯ ಒಂದು ಚೌಕಟ್ಟನ್ನು ಅಬ್ಬಾ ಮಾಡಿಕೊಟ್ಟರು. ಕಣದಲ್ಲಿ ರೋಣಗಲ್ಲು ಎಳೆಯುವಾಗ ಗಂಟೆಗೊಮ್ಮೆ ತೆಗೆದು ಕೊಡವಿದರೆ ಆಯಿತು. ನನ್ನ ಪ್ರಕಾರ ಅವತ್ತಿನ ಕೆಲಸಗಳಲ್ಲಿ ಇದೇ ಅತ್ಯಂತ ಜಾಣತನದ್ದು.

ದಿನದ ಹದಿನೈದು ನಿಮಿಷ

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡಬೇಕು. ಹಾಲು ಬೆರೆಸಿದ ಚಹಾ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ, ಸ್ಟಾರ್ಟ್ ಮಾಡಲೇಬೇಡಿ. ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗ ಮಾತ್ರ ತೆರೆಯಿರಿ. ಗ್ರೀಸ್ ನಿಪ್ಪಲ್ ಒರೆಸಿ ಗ್ರೀಸ್ ಹೊಡೆಯಿರಿ, ಒರೆಸದೆ ಹೊಡೆದರೆ ಮಣ್ಣನ್ನೇ ಒಳಗೆ ತುಂಬಿದಂತೆ. ಏರ್ ಕ್ಲೀನರಿನ ಕೆಳಗಿನ ಬಟ್ಟಲಿನಲ್ಲಿ ಆಯಿಲ್ ಇರುವ ಮಾದರಿಯಾದರೆ, ಧೂಳಿನ ಕಾಲದಲ್ಲಿ ಅದನ್ನು ಪದೇ ಪದೇ ನೋಡಬೇಕು. ತಳದಲ್ಲಿ ಕೆಸರು ಕಂಡರೆ ಆಯಿಲ್ ಬದಲಿಸಿ, ಗುರುತಿನ ಗೆರೆಗಿಂತ ಮೇಲೆ ತುಂಬಬೇಡಿ. ಹಿಂದಿನ ಟೈರಿಗೆ ಹೊಲದಲ್ಲಿ ಸಾಮಾನ್ಯವಾಗಿ 12ರಿಂದ 15 ಪಿ.ಎಸ್.ಐ. ಗಾಳಿ ಸಾಕು. ಸರಿಯಾದ ಲೆಕ್ಕ ಗಾಡಿಯ ಕೈಪಿಡಿಯಲ್ಲಿರುತ್ತದೆ. ಓಡಿಸುವಾಗ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಕೂರಬೇಡಿ.

ಡೀಸೆಲನ್ನು ಸಂಜೆಯೇ ತುಂಬಿಸಿಡಿ. ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ನೀರಾಗಿ ಡೀಸೆಲಿಗೆ ಇಳಿಯುತ್ತದೆ. ಫಿಲ್ಟರಿನ ಕೆಳಗಿನ ಬಟ್ಟಲಿನಲ್ಲಿ ನಿಂತ ನೀರನ್ನು ಆಗಾಗ ಬಿಡಬೇಕು. ಫಿಲ್ಟರ್ ಬದಲಿಸಿದ ಮೇಲೆ ಅಥವಾ ಡೀಸೆಲ್ ಖಾಲಿಯಾಗಿ ನಿಂತ ಮೇಲೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಆಗ ಫಿಲ್ಟರಿನ ಮೇಲಿನ ಸ್ಕ್ರೂ ಸ್ವಲ್ಪ ಸಡಿಲಿಸಿ, ಕೈಪಂಪು ಒತ್ತುತ್ತಾ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಬೇಕು.

ಇಲ್ಲಿಗೆ ನನ್ನ ವಿಷಯ ಬಂತು. ಎರಡು ವರ್ಷದ ಹಿಂದೆ ಡೀಸೆಲಿನಲ್ಲಿ ನೀರು ಸೇರಿ ಇಂಜೆಕ್ಷನ್ ಪಂಪು ಕೆಟ್ಟಿತ್ತು. ಬಿತ್ತನೆ ಸಮಯದಲ್ಲಿ ನಾಲ್ಕು ದಿನ ಗಾಡಿ ನಿಂತಿತು. ಮಾಮೂ ಲೆಕ್ಕದಲ್ಲಿ ನಷ್ಟ ರಿಪೇರಿಯ 8,500 ಮಾತ್ರ. ನಾನು ಕೂತು ಲೆಕ್ಕ ಹಾಕಿದೆ. ದಿನಕ್ಕೆ 6 ಗಂಟೆ ಬಾಡಿಗೆ ಕೆಲಸ, ಗಂಟೆಗೆ 600 ರೂಪಾಯಿ. ಗಂಟೆಗೆ 2 ಲೀಟರ್ ಡೀಸೆಲ್, ಲೀಟರಿಗೆ 90 ಎಂದು ಹಿಡಿದು 180 ಕಳೆದರೆ 420 ಉಳಿಯುತ್ತದೆ. 24 ಗಂಟೆಗೆ 10,080. ರಿಪೇರಿ ಸೇರಿ ಒಟ್ಟು 18,580. ಬದಲಿಸದೆ ಬಿಟ್ಟ ಫಿಲ್ಟರಿನ ಬೆಲೆ 350 ರೂಪಾಯಿ. ಆ ದುಡ್ಡಿಗೆ 53 ಫಿಲ್ಟರ್ ಬರುತ್ತಿತ್ತು.

ಸವಕಳಿಯನ್ನೂ ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊಂಡ ಬೆಲೆ 1,80,000, ಎಂಟು ವರ್ಷದ ನಂತರ 60,000 ಬರಬಹುದು ಎಂದರೆ ವರ್ಷಕ್ಕೆ 15,000. ವರ್ಷಕ್ಕೆ 400 ಗಂಟೆ ಓಡಿದರೆ ಗಂಟೆಗೆ 37 ರೂಪಾಯಿ 50 ಪೈಸೆ. ಗಾಡಿ ಸುಮ್ಮನೆ ನಿಂತರೂ ಆ 15,000 ಹೋಗುತ್ತದೆ. "ಬೇಟಾ, ಈ ದುಡ್ಡು ನಾನು ಯಾರಿಗೂ ಕೊಟ್ಟಿಲ್ಲವಲ್ಲ" ಎಂದರು ಮಾಮೂ. ಫಸ್ಟ್ ಪಿ.ಯು.ನಲ್ಲಿ ನಾವೂ ಇದನ್ನೇ ಕೇಳಿದ್ದೆವು.

ಈಗ ಸೀಟಿನ ಕೆಳಗಿನ ಡಬ್ಬಿಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇದೆ. ಎಡ ಪುಟದಲ್ಲಿ ದಿನಾಂಕ, ಅವರ್ ಮೀಟರ್, ಡೀಸೆಲ್, ಕೆಲಸ. ಬಲ ಪುಟದಲ್ಲಿ ಖರ್ಚು. ಕೊನೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ ಎಂದು ಯಾರಿಗೂ ನೆನಪಿರಲಿಲ್ಲ. ಹಾಗಾಗಿ ಅಬ್ಬಾ ಬಂದ ದಿನವೇ ಬದಲಿಸಿ, ಮೀಟರ್ 3,750 ಎಂದು ಬರೆದೆವು. 250 ಗಂಟೆಗೊಮ್ಮೆ ಎಂದರೆ ಮುಂದಿನದು 4,000ಕ್ಕೆ. ಅಬ್ಬಾ ಕೂಲಿ ತೆಗೆದುಕೊಳ್ಳಲಿಲ್ಲ, ಒಂದು ಚೀಲ ಹುರುಳಿಕಾಯಿ ತಂದರು. ಅದನ್ನು ಯಾವ ಖಾತೆಗೆ ಹಾಕಬೇಕೋ ನನಗೆ ತಿಳಿಯಲಿಲ್ಲ.

ಗಾರ್ಡಿನ 650 ರೂಪಾಯಿಯ ಬಗ್ಗೆ ಮಾತ್ರ ನಮ್ಮ ಅಕೌಂಟೆನ್ಸಿ ಸರ್ ಹತ್ತಿರ ಚರ್ಚೆ ಮಾಡಿದೆ. ನಾನು ರೆವೆನ್ಯೂ ಖರ್ಚು ಎಂದು ಬರೆದಿದ್ದೆ, ಇರಬೇಕಾದ ಭಾಗವನ್ನೇ ವಾಪಸ್ ಹಾಕಿದ್ದು ಎಂಬ ಕಾರಣಕ್ಕೆ. ಹಳೆಯ ಯಂತ್ರ ಕೊಂಡಾಗ ಅದನ್ನು ಬಳಸಲು ಯೋಗ್ಯ ಮಾಡುವ ಖರ್ಚು ಕ್ಯಾಪಿಟಲ್ ಅಲ್ಲವೇ ಎಂದು ಸರ್ ಕೇಳಿದರು. ಐದು ವರ್ಷ ಬಳಸಿದ ಮೇಲೆ ಮಾಡಿಸಿದ್ದು ಎಂದೆ. ಗಾರ್ಡ್ ಇಲ್ಲದೆ ಅದು ಬಳಸಲು ಯೋಗ್ಯವಾಗಿತ್ತು ಎಂದು ನಿನ್ನ ಮುಮಾನಿ ಒಪ್ಪುತ್ತಾರಾ, ಕೇಳು ಎಂದರು. ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿ ಕ್ಯಾಪಿಟಲ್ ಎಂದು ತಿದ್ದಿದ್ದೇನೆ.

ಮೊನ್ನೆ ಮಾಮೂ ಮೀಟರಿನ ಫೋಟೊ ಕಳಿಸಿದ್ದರು: 3,912. ಇನ್ನೂ 88 ಗಂಟೆ ಬಾಕಿ ಇದೆ, ಆಯಿಲ್ ಡಬ್ಬ ಈಗಲೇ ತಂದಿಟ್ಟಿದ್ದಾರಂತೆ.